ಸಂಚಿಗೆ ಹಿಡಿಸುವ ಫೋನು

“ತೆಳ್ಳಂದು ಯಾಕ ಬೇಕು? ನನ್ನ ಕಣ್ಣಿಗೆ ಬೀಳದಂಗ ಮುಚ್ಚಿಡಾಕೇನು?” ಸಿಂಧನೂರಿನ ಮೊಬೈಲ್ ಅಂಗಡಿಯಲ್ಲಿ ಚನ್ನವೀರ ಹೆಂಡತಿಯ ಮೇಲೆ ಹರಿಹಾಯ್ದ. “ಆ ದೊಡ್ಡದು ತಗೋ. ಬ್ಯಾಟರಿ ಗಟ್ಟಿ ಐತಿ. ಕೈಯಾಗ ಹಿಡಿದ್ರ ಊರಿಗೆಲ್ಲಾ ಕಾಣಬೇಕು.”

“ಕೆಸರಾಗ ಬಗ್ಗಿ ಭತ್ತ ನಾಟಿ ಮಾಡಾಕಿ ನಾನು. ಆ ಹಲಗಿ ಎಲ್ಲಿಡ್ಲಿ, ನಿಮ್ಮ ತಲಿ ಮ್ಯಾಲೇನ್ರಿ?” ಶಿವಕುಮಾರಿ ಸೊಂಟದ ಸಂಚಿ ಬಿಚ್ಚಿ, ಎಲೆ, ಅಡಿಕೆ, ಸುಣ್ಣದ ಡಬ್ಬಿಯನ್ನೆಲ್ಲ ಗಾಜಿನ ಮೇಲೆ ಸುರಿದಳು. ದೊಡ್ಡ ಫೋನು ಸಂಚಿಯ ಬಾಯಲ್ಲೇ ಸಿಕ್ಕಿಕೊಂಡಿತು. ತೆಳ್ಳನೆಯದು ಸಲೀಸಾಗಿ ಒಳಗಿಳಿಯಿತು. ಅಂಗಡಿಯ ಶಕೀಲ್ ನಕ್ಕುಬಿಟ್ಟ.

“ಆತು, ಅದನ್ನೇ ಕೊಡಪಾ,” ಎಂದ ಚನ್ನವೀರ, ಆಕೆ ಎಲೆ ಆರಿಸಿಕೊಳ್ಳುವಾಗ ಶಕೀಲನ ಕಿವಿಯತ್ತ ಬಾಗಿದ. “ಆಕಿಗೆ ಯಾರ್ಯಾರು ಫೋನ್ ಮಾಡ್ತಾರ, ನನ್ನ ಫೋನಿನಾಗ ಕಾಣಂಗ ಮಾಡಿಕೊಡ್ತಿಯೇನು?”

ಎಲೆ ಆರಿಸುತ್ತಿದ್ದ ಕೈ ನಿಂತಿತು. ಶಿವಕುಮಾರಿ ಸಂಚಿಯಿಂದ ಫೋನು ತೆಗೆದು ಗಂಡನ ಅಂಗೈಯಲ್ಲಿಟ್ಟಳು. “ತಗೋ. ಕಾವಲು ಕಾಯಾಕ ನಿನಗ ಇದೇ ಬೇಕಿತ್ತು.” ಖಾಲಿ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರನಡೆದವಳು ತವರೂರು ತುರ್ವಿಹಾಳದ ಬಸ್ ಹತ್ತಿದಳು. ಸಿಟ್ಟು ಇಳಿದರೆ ತಾನೇ ಬಂದಾಳು ಎಂದು ಚನ್ನವೀರ ತನ್ನೂರು ಮುಕ್ಕುಂದದಲ್ಲಿ ಕಾದ. ನಾಟಿ ಮುಗಿಯಿತು, ಕೊಯ್ಲೂ ಮುಗಿಯಿತು. ಆಕೆ ಬರಲಿಲ್ಲ.