ಅಭ್ಯಾಸ ತಪ್ಪಿದ ಕೈ

ಪೂವಮ್ಮನ ಕೈಯಿಂದ ಚೀಲ ಮತ್ತೆ ಜಾರಿ ಬಿತ್ತು. “ನೋಡಿ ಡಾಕ್ಟ್ರೇ, ಈ ಸೋಮಾರಿತನಕ್ಕೆ ಮದ್ದು ಉಂಟಾ?” ಎಂದರು ಅತ್ತೆ. ಬಗ್ಗಿ ಎತ್ತಿಕೊಳ್ಳುವ ತ್ರಾಣವೂ ಅವಳಲ್ಲಿರಲಿಲ್ಲ. ಉಬ್ಬಸ ವಾಸಿಯಾಯಿತೆಂದು, ವರ್ಷದಿಂದ ನುಂಗುತ್ತಿದ್ದ ಮಾತ್ರೆಯನ್ನು ಹೋದ ವಾರ ಒಮ್ಮೆಲೇ ನಿಲ್ಲಿಸಿದ್ದಳು.

“ಸೋಮಾರಿತನ ಅಲ್ಲ ಅಮ್ಮ,” ಎಂದರು ಪುತ್ತೂರಿನ ಡಾಕ್ಟರು. “ಅದು ಸ್ಟೀರಾಯ್ಡ್ ಮಾತ್ರೆ. ಅದರಲ್ಲಿರುವಂಥದ್ದೇ ರಸ ನಮ್ಮ ಮೈಯೊಳಗೂ ತಯಾರಾಗ್ತದೆ. ಹೊರಗಿಂದ ಬರ್ತಾ ಉಂಟೆಂದು ಮೆದುಳು ಒಳಗಿನ ಕೆಲಸ ನಿಲ್ಲಿಸಿದೆ. ಈಗ ಎರಡೂ ಇಲ್ಲ, ಅದಕ್ಕೇ ಈ ನಿತ್ರಾಣ. ಮಾತ್ರೆ ಪುನಃ ಕೊಟ್ಟು ಮೆಲ್ಲ ಮೆಲ್ಲ ಬಿಡಿಸ್ಬೇಕು. ನಿಮ್ಮನ್ನೇ ನೋಡಿ, ಸೊಸೆ ಬಂದ ಮೇಲೆ ನೀವು ಒಲೆ ಹಚ್ಚಿದ್ದುಂಟಾ?”

“ನಾನ್ಯಾಕೆ ಹಚ್ಚುದು? ಇವಳಿಲ್ವಾ?”

ಅಷ್ಟು ಹೇಳಿದ ಮೇಲೆ ಅತ್ತೆ ಸೊಸೆಯ ಮುಖ ನೋಡಿದರು. ಆಮೇಲೆ ಬಗ್ಗಿ ಚೀಲವನ್ನೆತ್ತಿ ತಮ್ಮ ಹೆಗಲಿಗೆ ಹಾಕಿಕೊಂಡರು.

“ಬಾ ಮಗಳೇ. ಇವತ್ತು ಅನ್ನಕ್ಕೆ ನಾನೇ ಇಡ್ತೇನೆ. ಅಭ್ಯಾಸ ತಪ್ಪಿದೆ, ಸ್ವಲ್ಪ ತಡ ಆದೀತು.”