ಪಂಕ್ಚರ್ ಅಂಗಡಿಯವನ ಬೆರಳು

ಡಾಕ್ಟರ ಕೋಣೆಯ ಬಾಗಿಲು ಅವನ ಮೂಗಿಗೆ ತಾಗುವಂತೆ ಮುಚ್ಚಿಕೊಂಡಿತು. ಹೆಂಡತಿಯ ಹಿಂದೆಯೇ ಒಳಗೆ ನುಗ್ಗಿದವಳು ಅವಳು ದುಡಿಯುವ ಬಟ್ಟೆ ಕಾರ್ಖಾನೆಯ ಇಸ್ತ್ರಿ ಅಕ್ಕ. ಕಟ್ಟಿಕೊಂಡ ಗಂಡ ಹೊರಗೆ, ಚಪ್ಪಲಿಗಳ ಜೊತೆ.

ಹೆಂಡತಿಯ ಎದೆಯಲ್ಲಿ ಗಂಟು ಎನ್ನುವುದು ಅವನಿಗೆ ಗೊತ್ತಾದದ್ದೇ ಇವತ್ತು ಬೆಳಿಗ್ಗೆ. ಇಸ್ತ್ರಿ ಅಕ್ಕನಿಗೆ ಆಗಲೇ ಒಂದು ತಿಂಗಳಿಂದ ಗೊತ್ತು. ಸ್ಕ್ಯಾನಿಗೂ ಅವಳೇ ಜೊತೆ, ಸೂಜಿ ಚುಚ್ಚಿ ಗಂಟಿನ ಚೂರನ್ನು ಪರೀಕ್ಷೆಗೆ ತೆಗೆದಾಗಲೂ ಅವಳೇ. ಯಾವನೋ ಗಂಡಸಾಗಿದ್ದರೆ ಹೋಗಿ ಕೊರಳಪಟ್ಟಿ ಹಿಡಿಯಬಹುದಿತ್ತು. ಈ ಹೆಂಗಸಿಗೆ ಏನು ಮಾಡುವುದು?

ಅದೂ ಮುಚ್ಚಿಟ್ಟದ್ದು ಯಾರಿಂದ? ಅವನು ಪಂಕ್ಚರ್ ಅಂಗಡಿಯವನು. ಟಯರಿನೊಳಗೆ ಒಂದು ಸುತ್ತು ಬೆರಳಾಡಿಸಿದರೆ ಕೂದಲೆಳೆಯಂಥ ತಂತಿಯೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅಂಥ ಕೈ ದಿನಾ ಪಕ್ಕದಲ್ಲೇ ಮಲಗಿತ್ತು!

ಬಾಗಿಲು ತೆರೆದು ಡಾಕ್ಟರಮ್ಮ ಇಣುಕಿದರು. "ಗಂಡ ನೀವೇನಾ? ಬನ್ನಿ, ನೀವೂ ಕೇಳಿ. ಕ್ಯಾನ್ಸರ್ ಅಲ್ಲ. ಗಂಟೆಲ್ಲ ಅದೇ ಆಗಿರಲ್ಲ. ಈಗ ಕೊಯ್ಯೋದೂ ಬೇಡ. ಆರು ತಿಂಗಳಿಗೆ ಇನ್ನೊಂದು ಸ್ಕ್ಯಾನ್ ಮಾಡೋಣ. ನಡುವೆ ಗಂಟು ದೊಡ್ಡದಾದ್ರೆ, ಚರ್ಮ ಒಳಗೆ ಎಳ್ಕೊಂಡ್ರೆ, ತೊಟ್ಟಿಂದ ರಕ್ತ ಬಂದ್ರೆ ಕಾಯ್ಬೇಡಿ, ಓಡಿ ಬನ್ನಿ."

"ನಾನು ಹೇಳ್ಲಿಲ್ವಾ? ನಂಗೂ ಇಂಥದ್ದೇ ಇತ್ತು," ಎಂದಳು ಇಸ್ತ್ರಿ ಅಕ್ಕ. ಹೆಂಡತಿ ಅವಳ ಹೆಗಲಿಗೆ ಹಣೆಯಿಟ್ಟು ಅತ್ತಳು. ಅಳೋದಕ್ಕೂ ಅದೇ ಹೆಗಲು!

ಹೊರಗಿನ ಮೆಟ್ಟಿಲ ಮೇಲೆ ಅವನು ಸಿಡಿದ. "ನಾನ್ಯಾರು ನಿಂಗೆ? ಬಸ್ಸಲ್ಲಿ ಪಕ್ಕದ ಸೀಟಿನವನಾ? ಊರಿಗೆಲ್ಲ ಹೇಳಿ ಆದ್ಮೇಲೆ ನನಗಾ?"

"ಊರಿಗಲ್ಲ. ಅಕ್ಕಂಗೆ."

"ಹಂಗಾದ್ರೆ ಅಕ್ಕನ ಜೊತೆನೇ ಸಂಸಾರ ಮಾಡು, ಹೋಗು!"

"ಅಯ್ಯೋ ಬೇಡಪ್ಪಾ, ನಂಗೆ ಮನೇಲಿರೋದೊಂದೇ ಸಾಕಾಗಿದೆ," ಎಂದಳು ಇಸ್ತ್ರಿ ಅಕ್ಕ.

ಹೆಂಡತಿ ನಗಲಿಲ್ಲ. "ಮೊದಲು ನಿಮಗೇ ಹೇಳೋಕೆ ಹೊರಟೆ. ಬಾಯೇ ಬರಲಿಲ್ಲ. ದೀಪ ಆರಿಸಿದ ಮೇಲೆ ನಿಮ್ಮ ಕೈ ಹಿಡ್ಕೊಂಡು ಗಂಟಿನ ಮೇಲೇ ಇಟ್ಟೆ." ತಲೆ ತಗ್ಗಿಸಿದಳು. "ನೀವು ಬೇರೇನೋ ಅಂದ್ಕೊಂಡ್ರಿ."

ಇಸ್ತ್ರಿ ಅಕ್ಕ ಸರಸರನೆ ಮೆಟ್ಟಿಲಿಳಿದು, ರಸ್ತೆಯ ಕಡೆ ಮುಖ ಮಾಡಿ ನಿಂತಳು.

ಸಂಜೆ ಅಂಗಡಿಯಲ್ಲಿ ಗಿರಾಕಿಯೊಬ್ಬನ ಟಯರಿನೊಳಗೆ ಅವನು ಕೈ ಹಾಕಿದ. ಒಂದು ಸುತ್ತೂ ಬೇಕಾಗಲಿಲ್ಲ, ಮುಳ್ಳು ಬೆರಳಿಗೆ ಸಿಕ್ಕಿತು.

"ಏನ್ ಕೈ ಗುರುವೇ ನಿಂದು!" ಎಂದ ಗಿರಾಕಿ. "ಮುಟ್ಟಿದ್ರೆ ಸಾಕು, ಗೊತ್ತಾಗ್ಬಿಡುತ್ತೆ."

ಅವನು ಟಯರಿನಿಂದ ಕೈ ಹೊರಗೆ ತೆಗೆಯಲಿಲ್ಲ.