ಇಂಗಿನ ಒಗ್ಗರಣೆ

ಶ್ರೀಪತಿ ತನ್ನ ಮನೆಯಲ್ಲಿದ್ದ ದೊಡ್ಡಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸುವ ಮುಂಚೆ ಅದು ಹೇಗಿದೆಯೆಂದು ನೋಡಲು ಅವರನ್ನೂ ಕರೆದುಕೊಂಡು ಹೋದ. ಮ್ಯಾನೇಜರ್ ಊಟದ ಮನೆ ತೋರಿಸಿದರು. ದೊಡ್ಡಮ್ಮ ಸಾರಿನ ರುಚಿ ನೋಡಿದರು.

“ಒಗ್ಗರಣೆ ಹಾಕಲ್ವಾ?”

“ಇಲ್ಲಿ ಯಾರಿಗೂ ಹಾಕಲ್ಲ, ತಾಯಿ.”

“ನಮ್ಮನೇಲಿ ಇಂಗಿನ ಒಗ್ಗರಣೆ ಇಲ್ದೆ ಸಾರು ಇಳಿಸೋದೇ ಇಲ್ಲ.”

ಉಣ್ಣುತ್ತಿದ್ದವರೆಲ್ಲ ತಲೆ ಎತ್ತಿದರು. “ನಿಮ್ಮನೇಲಿ ಎಷ್ಟು ರೂಮಿದೆ?” ಎಂದು ಮುದುಕರೊಬ್ಬರು ಕೇಳಿದರು.

“ಮೂರು. ಹಾಲ್ ಕೂಡ ದೊಡ್ಡದೇ.”

ಶ್ರೀಪತಿ ಒಬ್ಬನೇ ಮಹಡಿಯ ಕೋಣೆಗಳನ್ನು ನೋಡಿ ಬರುವಷ್ಟರಲ್ಲಿ ಇಬ್ಬರು ಮುದುಕರು ಗಂಟುಮೂಟೆ ಸಮೇತ ಅವನ ಕಾರಿನ ಹಿಂದಿನ ಸೀಟಿನಲ್ಲಿ ದೊಡ್ಡಮ್ಮನ ಪಕ್ಕ ಕೂತಿದ್ದರು.

“ಇಳೀರಿ! ಇಲ್ಲಾಂದ್ರೆ ಮ್ಯಾನೇಜರ್‌ನ ಕರೀತೀನಿ!” ಎಂದು ಕೂಗಾಡಿದ.

ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಳ್ಳುತ್ತಾ ಮ್ಯಾನೇಜರ್ ಹೇಳಿದರು, “ನಾನು ಇಲ್ಲೇ ಇದ್ದೀನಲ್ಲ, ಹೊರಡಿ.”